ಪೊಲೀಸ್ ಟೋಪಿಯಿಂದ ಮೇಯರ್ ಕುರ್ಚಿಗೆ

ಮಾನ್ಯ ಸಂಪಾದಕರೇ,

ಪೊಲೀಸ್ ಮುಖ್ಯಸ್ಥರು ರಾಜಕೀಯಕ್ಕಿಳಿದರೆ ಊರು ಶಿಸ್ತಿಗೆ ಬರುತ್ತದೆ ಎಂದು ನಂಬುವವರು ಅಮೆರಿಕದ ಫಿಲಡೆಲ್ಫಿಯಾದ ಫ್ರಾಂಕ್ ರಿಜ್ಜೊ ಅವರ ಬದುಕನ್ನು ಗಮನಿಸಬೇಕು. 1943ರಲ್ಲಿ ಸಾಮಾನ್ಯ ಪೇದೆಯಾಗಿ ಸೇರಿ 1967ರಲ್ಲಿ ಕಮಿಷನರ್ ಆದವರು ಅವರು. ಆ ಏರಿಕೆ ಸಣ್ಣದಲ್ಲ, ಅದಕ್ಕೆ ಗೌರವ ಸಲ್ಲಲೇಬೇಕು. 1972ರಲ್ಲಿ ಮೇಯರ್ ಆದರು. ಆದರೆ ಠಾಣೆಯಲ್ಲಿ ಆದೇಶ ಕೊಟ್ಟರೆ ಕೆಲಸ ನಡೆಯುತ್ತದೆ, ನಗರಾಡಳಿತದಲ್ಲಿ ಜನರನ್ನು ಒಪ್ಪಿಸಬೇಕು. ತೆರಿಗೆ ಏರಿಸುವುದಿಲ್ಲ ಎಂದು ಹೇಳಿ ಮರುಆಯ್ಕೆಯಾದವರು 1976ರಲ್ಲಿ ವೇತನ ತೆರಿಗೆ ಏರಿಸಿದಾಗ, ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲು ಜನ ಸಹಿ ಸಂಗ್ರಹಿಸಿದರು. ನ್ಯಾಯಾಲಯ ಅದನ್ನು ತಡೆಯಿತು. ಸತತ ಮೂರನೇ ಅವಧಿಗೆ ದಾರಿ ಮಾಡಿಕೊಳ್ಳಲು 1978ರಲ್ಲಿ ನಗರದ ಸನ್ನದನ್ನೇ, ಅಂದರೆ ನಗರಾಡಳಿತದ ಮೂಲ ನಿಯಮಾವಳಿಯನ್ನೇ, ತಿದ್ದಲು ಹೊರಟರು; ಮತದಾರರು ತಿರಸ್ಕರಿಸಿದರು. ಮರುವರ್ಷ ಪೊಲೀಸ್ ದೌರ್ಜನ್ಯದ ಆರೋಪದ ಮೇಲೆ ಕೇಂದ್ರದ ನ್ಯಾಯ ಇಲಾಖೆಯೇ ನಗರದ ವಿರುದ್ಧ ಮೊಕದ್ದಮೆ ಹೂಡಿತು. ಮೊಕದ್ದಮೆ ವಜಾ ಆಯಿತು, ನಿಜ. ಆದರೂ ಕಪ್ಪು ಜನರ ಬಡಾವಣೆಗಳಲ್ಲಿ ಆ ನೋವು ಮಾಸಲಿಲ್ಲ. 2020ರಲ್ಲಿ ಅವರ ಪ್ರತಿಮೆಯನ್ನು ನಗರಾಡಳಿತವೇ ತೆಗೆಸಿತು.

ಖಾಕಿ ಹಿನ್ನೆಲೆಯೇ ದೋಷವೆಂದು ನಾನು ಹೇಳುತ್ತಿಲ್ಲ. ಹ್ಯೂಸ್ಟನ್‌ನ ಪೊಲೀಸ್ ಮುಖ್ಯಸ್ಥರಾಗಿದ್ದ ಲೀ ಬ್ರೌನ್ ಪೊಲೀಸರನ್ನು ಬಡಾವಣೆಯ ಜನರೊಂದಿಗೆ ಸೇರಿ ಕೆಲಸ ಮಾಡಲು ಹಚ್ಚಿದವರು. 1998ರಲ್ಲಿ ಆ ನಗರದ ಮೊದಲ ಕಪ್ಪು ಮೇಯರ್ ಆಗಿ ಮೂರು ಅವಧಿ ಆಡಳಿತ ನಡೆಸಿದರು. ನಿವೃತ್ತ ಅಧಿಕಾರಿ ಮತ ಕೇಳಲು ಬಂದಾಗ, ಹಿಡಿದ ಕಳ್ಳರ ಲೆಕ್ಕದ ಜೊತೆಗೆ ತಮ್ಮ ಮೇಲಿನ ದೂರುಗಳನ್ನು ಹೇಗೆ ನಿಭಾಯಿಸಿದರು ಎಂಬುದನ್ನೂ ಮತದಾರರು ಕೇಳಬೇಕು.

– ಒಬ್ಬ ಓದುಗ