ಹಾಡು ಬರೆದವರ ಹೆಸರೂ ಹೇಳಿ

ಮಾನ್ಯರೇ,

ಇಂಗ್ಲೆಂಡಿನ ಗಾಯಕ ಎಲ್ಟನ್ ಜಾನ್ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅವರ ಕನ್ನಡಕ, ಮಿರಿಮಿರಿ ಕೋಟು, ಪಿಯಾನೊ ಎಲ್ಲಕ್ಕೂ ಜಾಗ ಸಿಕ್ಕಿದೆ. ಆ ಹಾಡುಗಳಿಗೆ ಸಾಲು ಬರೆದ ಬರ್ನಿ ಟಾಪಿನ್‌ಗೆ ಮಾತ್ರ ಅರ್ಧ ವಾಕ್ಯ. ಅದಕ್ಕೇ ಈ ಪತ್ರ.

ಟಾಪಿನ್ ಹುಟ್ಟಿದ್ದು 1950ರಲ್ಲಿ, ಲಿಂಕನ್‌ಶೈರ್ ಎಂಬ ಒಕ್ಕಲುತನದ ಸೀಮೆಯಲ್ಲಿ. 1967ರಲ್ಲಿ ಒಂದು ರೆಕಾರ್ಡ್ ಕಂಪನಿ ಹೊಸಬರು ಬೇಕೆಂದು ಜಾಹೀರಾತು ಕೊಟ್ಟಿತು. 17ರ ಟಾಪಿನ್‌ಗೆ ರಾಗ ಹಾಕಲು ಬರುತ್ತಿರಲಿಲ್ಲ, 20ರ ಎಲ್ಟನ್‌ಗೆ ಸಾಲು ಹೊಳೆಯುತ್ತಿರಲಿಲ್ಲ. ಇಬ್ಬರೂ ಅದೇ ಜಾಹೀರಾತು ನೋಡಿ ಬರೆದುಕೊಂಡರು. ಟಾಪಿನ್ ಕಳಿಸಿದ್ದ ಪದ್ಯಗಳ ಲಕೋಟೆಯನ್ನು ಕಂಪನಿಯವರು ಎಲ್ಟನ್ ಕೈಗಿತ್ತರು. ಅಲ್ಲಿಂದ ಇಬ್ಬರೂ ಜೋಡಿಯಾದರು. ನಡುವೆ ಕೆಲ ಕಾಲ ಬೇರೆಯವರ ಜೊತೆ ಕೆಲಸ ಮಾಡಿದ್ದುಂಟು, ಆದರೆ ಜಗಳವಾಡಿ ಮುಖ ತಿರುಗಿಸಿಕೊಂಡವರಲ್ಲ. 2020ರಲ್ಲಿ ಇಬ್ಬರಿಗೂ ಸೇರಿ ಆಸ್ಕರ್ ಬಂತು. 2025ರಲ್ಲೂ ಟಾಪಿನ್ ಸಾಲುಗಳಿರುವ ಹೊಸ ಆಲ್ಬಂ ಬಂದಿದೆ.

ಇವರ ಕೆಲಸದ ರೀತಿಯೇ ಬೇರೆ. ಟಾಪಿನ್ ಮೊದಲು ಬರೆದುಕೊಡುತ್ತಾರೆ. ಎಲ್ಟನ್ ಆ ಹಾಳೆಯನ್ನು ಪಿಯಾನೊ ಮೇಲಿಟ್ಟುಕೊಂಡು ಒಬ್ಬರೇ ರಾಗ ಕಟ್ಟುತ್ತಾರೆ. ದಶಕಗಟ್ಟಲೆ ಹೀಗೇ ನಡೆಯಿತು, ಒಬ್ಬರು ಬರೆಯುವಾಗ ಇನ್ನೊಬ್ಬರು ಆ ಕೋಣೆಯಲ್ಲೇ ಇರುತ್ತಿರಲಿಲ್ಲ. ನಮ್ಮ ಸಿನಿಮಾದಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ಮೊದಲು ಟ್ಯೂನ್ ಬರುತ್ತದೆ, ಬರೀ 'ತಾನನ ತಾನನ'. ಎಲ್ಲಿ ಸ್ವರ ಎಳೆಯುತ್ತದೋ ಅಲ್ಲಿ ದೀರ್ಘಾಕ್ಷರವೇ ಬರಬೇಕು, ಎಲ್ಲಿ ತುಂಡಾಗುತ್ತದೋ ಅಲ್ಲಿ ಪದವೂ ಮುಗಿಯಬೇಕು. ಇಷ್ಟರ ಮೇಲೆ ಕಥೆಯ ಸಂದರ್ಭ, ನಿರ್ದೇಶಕರ ಬೇಡಿಕೆ. ಯಾವುದು ಕಷ್ಟ ಅಂದರೆ ನಾನು ನಮ್ಮವರಿಗೇ ವೋಟು ಹಾಕುತ್ತೇನೆ.

1997ರಲ್ಲಿ ರಾಜಕುಮಾರಿ ಡಯಾನಾ ಅಂತ್ಯಕ್ರಿಯೆಯಲ್ಲಿ ಎಲ್ಟನ್ ಹಾಡಿದ್ದನ್ನು ಟಿವಿಯಲ್ಲಿ ನೋಡಿದವರು ನಮ್ಮಲ್ಲೂ ಇದ್ದಾರೆ. ಅದು 1973ರಲ್ಲಿ ನಟಿ ಮರ್ಲಿನ್ ಮನ್ರೋ ನೆನಪಿಗೆಂದು ಬರೆದಿದ್ದ ಹಾಡು. ಡಯಾನಾಗಾಗಿ ಸಾಲುಗಳನ್ನು ಬದಲಿಸಿ ಬರೆದವರೂ ಟಾಪಿನ್ನೇ. ಆ ರೆಕಾರ್ಡ್ 3 ಕೋಟಿಗೂ ಜಾಸ್ತಿ ಮಾರಾಟವಾಯಿತು. ಕ್ಯಾಮೆರಾ ನೋಡಿದ್ದು ಮಾತ್ರ ಪಿಯಾನೊ ಮುಂದೆ ಕೂತವರನ್ನು, ಅಲ್ವಾ?

ನಮ್ಮ ರಾಯಚೂರು ಸೀಮೆಯವರಿಗೆ ಇದು ವಿಚಿತ್ರ ಅನ್ನಿಸಬೇಕು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಓಡಾಡಿದ ನೆಲ ಇದು. ಅವರ ಪದಗಳ ಕೊನೆಗೆ ಅಂಕಿತ ಇರುತ್ತದೆ. ಭಜನೆಯಲ್ಲಿ ಯಾರೇ ಹಾಡಲಿ, ಎಂಥ ರಾಗದಲ್ಲೇ ಹಾಡಲಿ, 'ವಿಜಯವಿಠಲ' ಅಂತ ಬಂದ ಕೂಡಲೇ ಇದು ಯಾರದು ಅಂತ ಗೊತ್ತಾಗುತ್ತದೆ. ಹಾಡಿನೊಳಗೇ ಹೆಸರು ಹೊಲಿದಿಟ್ಟರೆ ಯಾರು ತಾನೇ ಕಿತ್ತುಹಾಕಲು ಸಾಧ್ಯ!

ಸಿನಿಮಾ ಕವಿಗೆ ಆ ಸವಲತ್ತಿಲ್ಲ. ರಾಜ್‌ಕುಮಾರ್ ದನಿಯಲ್ಲಿ ನಾವು ಗುನುಗುವ ಎಷ್ಟೋ ಹಾಡುಗಳು ಚಿ. ಉದಯಶಂಕರ್ ಅವರವು. ಅವರು 1993ರಲ್ಲಿ ತೀರಿಕೊಂಡರು. ಹಾಡು ಉಳಿಯಿತು, ಆದರೆ ಮೊಬೈಲಿನಲ್ಲಿ ಕೇಳುವ ಹುಡುಗರಿಗೆ ಅದು 'ಅಣ್ಣಾವ್ರ ಹಾಡು', ಅಷ್ಟೇ. ಕ್ಯಾಸೆಟ್ ಕಾಲದಲ್ಲಿ ಡಬ್ಬಿಯ ಒಳಗಿನ ಮಡಿಕೆ ಕಾಗದ ಬಿಚ್ಚಿದರೆ ಇರುವೆಯಂಥ ಅಕ್ಷರದಲ್ಲಾದರೂ 'ಸಾಹಿತ್ಯ' ಅಂತ ಇರುತ್ತಿತ್ತು. ರೇಡಿಯೊದಲ್ಲೂ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಅಂತ ಸಾಲಾಗಿ ಹೇಳುತ್ತಿದ್ದರು. ಕೇಳಿ ಕೇಳಿಯೇ ನಮಗೆಲ್ಲ ಬಾಯಿಪಾಠ ಆಗಿತ್ತು.

ಮೊನ್ನೆ ನಮ್ಮೂರ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ನಿರೂಪಕರು ಪ್ರತಿ ಹಾಡಿಗೂ ನಾಯಕ, ನಾಯಕಿ, ಗಾಯಕರ ಹೆಸರು ಹೇಳಿದರು. ಶಾಮಿಯಾನದವರಿಗೂ ಧನ್ಯವಾದ ಹೇಳಿದರು. ಬರೆದವರ ಹೆಸರು ಒಂದು ಸಲವೂ ಬರಲಿಲ್ಲ. ಕೇಳಿದ್ದಕ್ಕೆ, 'ಅದು ಯಾರಿಗೆ ಬೇಕ್ರಿ' ಅಂದು ನಕ್ಕರು.

ದುಡ್ಡಿನ ವಿಷಯದಲ್ಲಿ ಕಾನೂನು ಸ್ವಲ್ಪ ಸರಿಹೋಗಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದು, ಸಿನಿಮಾ ಹಾಡಿನ ರಾಯಧನದಲ್ಲಿ ಕವಿಗೂ ಸಂಗೀತಗಾರರಿಗೂ ಪಾಲು ಕೊಟ್ಟರು. ರಾಜ್ಯಸಭೆಯಲ್ಲಿ ಹಿಂದಿ ಸಿನಿಮಾ ಕವಿ ಜಾವೇದ್ ಅಖ್ತರ್ ಅದರ ಪರ ಗಟ್ಟಿಯಾಗಿ ಮಾತಾಡಿದ್ದರು. ಹೆಸರು ಹೇಳುವುದಕ್ಕೆ ಮಾತ್ರ ಕಾನೂನೇ ಬೇಕಾ?

ನಿಮ್ಮ ಸಿನಿಮಾ ಪುಟದಲ್ಲಿ ಹೊಸ ಹಾಡಿನ ಸುದ್ದಿ ಬಂದಾಗ ನಾಯಕಿಯ ಸೀರೆ ಬಣ್ಣವನ್ನೂ ಬರೆಯುತ್ತೀರಿ. ಅದರ ಕೆಳಗೆ ಸಾಹಿತ್ಯ ಯಾರದೆಂದು ದಯವಿಟ್ಟು ಹಾಕಿ. ನಮ್ಮ ಆರ್ಕೆಸ್ಟ್ರಾ ನಿರೂಪಕರೂ ನಿಮ್ಮ ಪತ್ರಿಕೆ ನೋಡಿಯೇ ಮಾತು ಹೊಂದಿಸಿಕೊಳ್ಳುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗ
ಮಾನ್ವಿ, ರಾಯಚೂರು ಜಿಲ್ಲೆ