ಹಳೇ ಇಂಜಿನ್ ಗುರುತಿಗೆ ಸ್ಟ್ರೋಕ್ ಅಳೀರಿ

ಸಂಪಾದಕರೇ,
ಹಳೇ ಬ್ರಿಟಿಷ್ ಬೈಕ್ ಇಂಜಿನ್ ಸಿಕ್ರೆ ಜನ ಟ್ಯಾಂಕ್ ಮೇಲಿನ ಹೆಸರು ನೋಡಿ ತೀರ್ಮಾನ ಮಾಡ್ತಾರೆ, ಟ್ಯಾಂಕ್ ಯಾರು ಬೇಕಾದ್ರೂ ಬದಲಾಯಿಸಿರಬಹುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಸಿದ ಬಿಎಸ್‌ಎ ಎಂ20, ನಾರ್ಟನ್ 16ಎಚ್ ಎರಡೂ ಸಿಂಗಲ್ ಸಿಲಿಂಡರ್, ಎರಡೂ ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರೋ ತರಹದ್ದು), ಸಿಸಿನೂ ಹತ್ರಹತ್ರ, 496 ಮತ್ತು 490. ಹಂಗಿದ್ದಾಗ ಕ್ರ್ಯಾಂಕ್ ತಿರುಗಿಸಿ ಪಿಸ್ಟನ್ ಮೇಲಿಂದ ಕೆಳಗೆ ಎಷ್ಟು ಇಳಿಯುತ್ತೆ ಅಂತ ಅಳೀರಿ, ಅದೇ ಸ್ಟ್ರೋಕ್, ಎಂ20ಗೆ 94 ಮಿ.ಮೀ., 16ಎಚ್‌ಗೆ 100. ಬೋರ್ ಅಂದ್ರೆ ಸಿಲಿಂಡರ್ ಒಳಗಿನ ಅಗಲ, ಆ ಅಳತೆ ಪೂರ್ತಿ ನಂಬೋಕಾಗಲ್ಲ, ರೀಬೋರ್ ಮಾಡಿಸಿ ಅದನ್ನ ಅಗಲ ಮಾಡಿಸಿರ್ತಾರೆ, ಅದರಿಂದ ಸ್ಟ್ರೋಕ್ ಮಾತ್ರ ಬದಲಾಗಲ್ಲ. ಕ್ರ್ಯಾಂಕ್‌ಕೇಸ್ (ಇಂಜಿನ್ ಕೆಳಭಾಗದ ಕವಚ) ಮೇಲಿನ ನಂಬರನ್ನ ಗ್ರೈಂಡರ್ ಹಾಕಿ ಉಜ್ಜೋರಿಗೆ ಕೈಮುಗಿದು ಕೇಳ್ತೀನಿ, ದಯವಿಟ್ಟು ಬೇಡ, ಮುಂದೆ ರಿಪೇರಿ ಮಾಡೋರಿಗೆ ಸರಿಯಾದ ಪಾರ್ಟ್ ಹುಡುಕೋಕೆ ಅದು ಬೇಕೇ ಬೇಕು.

– ಹಳೇ ಬೈಕ್ ಅಭಿಮಾನಿ, ಮೈಸೂರು