ಚಳಿ ಜಾಸ್ತಿಯಾಗಿದೆ, ನಾಯಿಗಳ ಕಡೆ ಸ್ವಲ್ಪ ನೋಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಗಂಗಾವತಿಯಲ್ಲಿ ಬಿಸಿಲಿನ ಮಾತೇ ಜಾಸ್ತಿ, ಚಳಿಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆದರೆ ಬೆಳಗಿನ ಜಾವ ಬಂಡೆಗಲ್ಲಿನ ಮೇಲೆ ಮಲಗುವ ನಾಯಿಗೆ ಈ ಚಳಿಯೇ ಸಾಕು. ಮರಿಗಳು, ಮುದಿ ನಾಯಿಗಳು, ಮುಧೋಳದಂಥ ಗಿಡ್ಡ ಕೂದಲಿನವು ಬೇಗ ನಡುಗುತ್ತವೆ.

ಮೊದಲು ಹಾಸಿಗೆ. ಕಟಾವು ಮುಗಿದಿದೆ, ಭತ್ತದ ಹುಲ್ಲಿಗೆ ಬರವಿಲ್ಲ. ಗೋಣಿಚೀಲದಲ್ಲಿ ಒಣ ಹುಲ್ಲು ತುಂಬಿ, ಗಾಳಿ ಬೀಸದ ಮೂಲೆಗೆ ಹಾಕಿ. ಹುಲ್ಲಿನ ಸಂದಿಯಲ್ಲಿ ಗಾಳಿ ನಿಲ್ಲುವುದರಿಂದ ಮೈಯ ಬಿಸಿ ನೆಲಕ್ಕೆ ಇಳಿಯುವುದಿಲ್ಲ. ಒದ್ದೆಯಾದರೆ ಮಾತ್ರ ಬದಲಿಸಲೇಬೇಕು. ಯೂರಿಯಾ ಚೀಲ ಬೇಡವೇ ಬೇಡ. ಹೊಲಿಗೆಯ ಸಂದಿಯಲ್ಲಿ ಗೊಬ್ಬರದ ಕಾಳು ಉಳಿದಿರುತ್ತದೆ, ನಾಯಿ ಸುಮ್ನೆ ಇರುತ್ತಾ? ನೆಕ್ಕುತ್ತದೆ.

ಸ್ನಾನ ಮಧ್ಯಾಹ್ನದ ಬಿಸಿಲಲ್ಲಿ, ಅದೂ ತೀರ ಕೊಳೆಯಾಗಿದ್ದರೆ. ಒಣಗಿ ಗಟ್ಟಿಯಾದ ಕಟಿ ರೊಟ್ಟಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ. ಉಳ್ಳಾಗಡ್ಡಿ ಹಾಕಿದ ಸಾರು ಸುರಿಯಬೇಡಿ, ಅದು ನಾಯಿಯ ರಕ್ತಕ್ಕೆ ಕೆಟ್ಟದ್ದು.

ಗಂಟಲಲ್ಲಿ ಏನೋ ಸಿಕ್ಕಂತೆ ಒಣ ಕೆಮ್ಮು ಬಂದರೆ ಕೆನಲ್ ಕಾಫ್ ಅನ್ನುವ ನಾಯಿಗಳ ಕೆಮ್ಮಿನ ರೋಗ ಇರಬಹುದು. ಬೇರೆ ನಾಯಿಗಳಿಗೂ ಹರಡುತ್ತದೆ, ದೂರ ಇಟ್ಟು ಪಶು ವೈದ್ಯರಿಗೆ ತೋರಿಸಿ. ಮನೆಯಲ್ಲಿದೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ನಾಯಿಯ ಲಿವರ್ ಹಾಳಾಗುತ್ತದೆ. ಈ ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕಾರು ಇರುವವರೇ, ಬೀದಿ ಮರಿಗಳು ರಾತ್ರಿ ಗಾಲಿಯ ಪಕ್ಕದಲ್ಲೇ ಮುದುಡಿ ಮಲಗಿರುತ್ತವೆ. ಬಾನೆಟ್ ತಟ್ಟಿ, ಬಗ್ಗಿ ನೋಡಿ, ಆಮೇಲೆ ಗಾಡಿ ಸ್ಟಾರ್ಟ್ ಮಾಡಿ.

ಹಳೆ ಗೋಣಿಚೀಲ ಇದ್ದವರು ಇಲ್ಲೇ ಮೆಸೇಜ್ ಹಾಕಿ, ಸಂಜೆ ಬಂದು ತಗೊಂಡು ಹೋಗುತ್ತೇನೆ.